ಖಂಡೇ ಪೂಜೆಗೆ ಒರೆಸಿದ ರೌಟರ್

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಪ್ರತಿ ಸಲವೂ ಬೇರೇನನ್ನೋ ಬರೆದು ಎದ್ದಿದ್ದೇನೆ. ಇನ್ನೂ ಮುಂದೂಡಿದರೆ ಹೇಳದೆಯೇ ಹೋದೇನು.

ಇಳಕಲ್ಲಿನ ನಮ್ಮ ಮನೆಗೆ ಆಗಷ್ಟೇ ಇಂಟರ್‌ನೆಟ್ ಬಂದಿತ್ತು. ಹಾಕಿಸಿದವನು ಮಗ, ಹೆಚ್ಚು ಬಳಸುತ್ತಿದ್ದವಳು ಸೊಸೆ. ಕಂಪ್ಯೂಟರಿನಲ್ಲಿ ಸೀರೆಯ ದಡಿಗೆ ಚಿತ್ರ ಬರೆಯುತ್ತಿದ್ದಳು. ದಸರೆ ಮುಗಿಯುವುದರೊಳಗೆ ಹೊಸ ಚಿತ್ರಗಳನ್ನು ಕಳಿಸಿದರೆ ಕಾಯಂ ಕೆಲಸ ಕೊಡುವುದಾಗಿ ಬಾಗಲಕೋಟೆಯ ವ್ಯಾಪಾರಿಯೊಬ್ಬರು ಹೇಳಿದ್ದರು. ಮಗನಿಗೆ ಅದು ಸೇರುತ್ತಿರಲಿಲ್ಲ. ಯಾರಿಗೆ ಏನು ಬರೆಯುತ್ತಾಳೋ ಎಂಬ ಗುಮಾನಿ. ರೌಟರಿನ ಸೆಟ್ಟಿಂಗ್ ಪುಟಕ್ಕೆ ತನಗೊಬ್ಬನಿಗೇ ಗೊತ್ತಿರುವ ಪಾಸ್‌ವರ್ಡ್ ಇಟ್ಟಿದ್ದ.

"ಅದನ್ನೇನರ ಮುಟ್ಟಿದ್ರ ಅವತ್ತಿಗೇ ನಿನ್ನ ಕಂಪ್ಯೂಟರ್ ಬಂದ್" ಎಂದು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆಯೇ ಅವಳಿಗೆ ಹೇಳಿದ್ದ.

ಖಂಡೇ ಪೂಜೆಯ, ಅಂದರೆ ದಸರೆಯ ಆಯುಧಪೂಜೆಯ, ಹಿಂದಿನ ದಿನ ನೇಕಾರರ ಮನೆಯಲ್ಲಿ ದುಡಿಯುವ ವಸ್ತು ಒಂದೂ ಧೂಳಿನಲ್ಲಿ ಇರಬಾರದು. ಮಗ್ಗ, ಲಾಳಿ ಒರೆಸಿ, ತೂತುಗಳಲ್ಲಿ ಕೂತ ನೂಲಿನ ಕಸವನ್ನು ಸೂಜಿಯಿಂದ ತೆಗೆಯುತ್ತೇವೆ. ಸೊಸೆಯ ಡಬ್ಬಿಯೂ ದುಡಿಯುವುದೇ ಅಲ್ಲವೇ ಎಂದುಕೊಂಡು ರೌಟರನ್ನೂ ಒರೆಸಿದೆ. ಹಿಂಬದಿಯ ಸಣ್ಣ ತೂತಿಗೆ ಸೂಜಿ ಹಾಕಿದೆ. ಒಳಗೆ ಏನೋ ಮೆತ್ತಗೆ ಸಿಕ್ಕಿತು. ಗಂಟುಕಟ್ಟಿದ ಕಸವೆಂದು ಒತ್ತಿಯೇ ಹಿಡಿದೆ. ದೀಪಗಳೆಲ್ಲ ಆರಿ, ಮತ್ತೆ ಹತ್ತಿದವು. ಒಂದು ಮಾತ್ರ ಕೆಂಪಗೆ ಉಳಿಯಿತು. ವಿಭೂತಿ ಹಚ್ಚಿ ಎದ್ದೆ.

ಸಂಜೆ ಮಗ ಬಂದ.

"ಅಪ್ಪಾ, ಇದಕ್ಕೂ ಇಬತ್ತಿ ಹಚ್ಚಿದೇನು? ಇನ್ನ ಕಾಯಿ ಒಡಿಯೂದೊಂದು ಉಳೀತು" ಎಂದು ನಕ್ಕ.

ನೆಟ್ ಇರಲಿಲ್ಲ. ಅಂಕಿಗಳನ್ನು ಹೊಡೆದು ಸೆಟ್ಟಿಂಗ್ ಪುಟ ತೆರೆಯಲು ನೋಡಿದ. ಪಾಸ್‌ವರ್ಡ್ ಕೇಳಿತು. ಹಾಕಿದ. ತಪ್ಪು ಎಂದಿತು. ಒಂದೊಂದೇ ಅಕ್ಷರ ನೋಡಿ ನೋಡಿ ಮತ್ತೆ ಹಾಕಿದ. ಮತ್ತೆ ತಪ್ಪು. ನಗು ಹೋಯಿತು. ಹೆಂಡತಿಯ ಕಡೆ ತಿರುಗದೆಯೇ ಕೇಳಿದ:

"ಏನಂತ ಬದಲ್ ಮಾಡೀದಿ?"

"ನಾ ಮುಟ್ಟಿಲ್ರಿ."

"ಮುಟ್ಟಲಾರದ ಹೆಂಗ ಬದಲಾತು? ಏನ್ ಮುಚ್ಚಿಡಾಕತ್ತೀದಿ?"

"ಮುಂಜಾನಿ ಚಲೋ ಇತ್ರಿ. ಬೇಕಾದ್ರ ಮಾಮಾರನ್ನ ಕೇಳ್ರಿ, ಅವ್ರು ಇಲ್ಲೇ ಇದ್ರು."

ಇಬ್ಬರೂ ನನ್ನನ್ನು ನೋಡಿದರು. ಸೂಜಿ ಇನ್ನೂ ನನ್ನ ಅಂಗಿಯ ಕಾಲರಿನಲ್ಲಿತ್ತು.

"ಅದರಾಗಿಂದು ನನಗೇನ್ ಗೊತ್ತಪಾ" ಎಂದೆ. ಆಗ ನನಗಿದ್ದದ್ದು ಬರೀ ಸಂಶಯ. ಅದನ್ನೂ ಬಾಯಿಬಿಡಲಿಲ್ಲ. ಮರುದಿನ ಪೂಜೆ ಮುಗಿಸಿದೆವು. ಕೆಂಪು ದೀಪ ಉರಿಯುತ್ತಲೇ ಇತ್ತು.

ಹಬ್ಬ ಮುಗಿದ ಮೇಲೆ ರಿಪೇರಿಯವನು ಬಂದ. ಡಬ್ಬಿ ಹೊಸದಿದ್ದಾಗ ಕಂಪನಿಯವರೇ ಇಟ್ಟಿರುವ ಪಾಸ್‌ವರ್ಡ್ ಹಾಕಿದೊಡನೆ ಪುಟ ತೆರೆಯಿತು.

"ನೀವ್ ಇಟ್ಟಿದ್ದೆಲ್ಲಾ ಅಳಿಸಿ ಹೋಗೇತ್ರಿ" ಎಂದ. "ಹಿಂದಿನ ತೂತಿನ್ಯಾಗ ಸೂಜಿ ಹಾಕಿ ಒತ್ತಿ ಹಿಡಿದ್ರ ಹಿಂಗಾಗತೈತಿ. ತಾನಾಗಿ ಆಗೂದಲ್ಲ ಇದು."

ಇನ್ನು ಸಂಶಯಕ್ಕೂ ಜಾಗವಿರಲಿಲ್ಲ. ಮಗ ಹೆಂಡತಿಯನ್ನು ನೋಡಿದ. ಅವಳು ನನ್ನನ್ನು ನೋಡಿದಳು. ನಾನು ಎದ್ದು ಮಗ್ಗದ ಕೋಣೆಗೆ ಹೋದೆ.

ಚಿತ್ರ ಕಳಿಸುವ ಗಡುವು ದಾಟಿದ್ದರಿಂದ ವ್ಯಾಪಾರಿ ಬೇರೆಯವರಿಗೆ ಕೆಲಸ ಕೊಟ್ಟಿದ್ದರು. ಮಗ ಕಂಪ್ಯೂಟರನ್ನು ತಾನು ಕೆಲಸ ಮಾಡುವ ಅಂಗಡಿಗೆ ಒಯ್ದ. ಅವಳು ಜಗಳವಾಡಲಿಲ್ಲ, ಬಾದಾಮಿಯ ತವರಿಗೂ ಹೋಗಲಿಲ್ಲ. ಆಮೇಲೆ ಒಂದು ಗೆರೆಯನ್ನೂ ಬರೆದದ್ದನ್ನು ನಾನು ಕಾಣಲಿಲ್ಲ.

ವರ್ಷಗಳ ನಂತರ ಕೂಡಲಸಂಗಮದಲ್ಲಿ ನೀರಿಗಿಳಿದು ದೇವರ ಮುಂದೆ ಎಲ್ಲ ಹೇಳಿಕೊಂಡೆ. ಮಗನಿಗೂ ಹೇಳಿದೆ. "ಹಳೇದಾತು ಬಿಡಪಾ" ಎಂದ. ಅವನೂ ಅವಳಿಗೆ ಹೇಳಿರಲಿಕ್ಕಿಲ್ಲ. ತಪ್ಪಾಯಿತೆಂದು ನಾನು ಹೇಳದೇ ಉಳಿದದ್ದು, ಈಗಲೂ ನನಗೆ ರೊಟ್ಟಿ ಬಡಿಸುವ ನನ್ನ ಸೊಸೆಗೆ.