ಖಾಲಿ ಓಡುವ ಮೋಟಾರು ತಿಂದ ವಿದ್ಯುತ್ತು

ವೈಟ್‌ಫೀಲ್ಡ್‌ನ ಆಫೀಸಿನಲ್ಲಿ ನನ್ನ ಕೆಲಸ ಮೋಟಾರುಗಳನ್ನು ಕಂಪ್ಯೂಟರಿನೊಳಗೆ ಓಡಿಸಿ ನೋಡುವುದು. ಪೀಣ್ಯದ ಕಾರ್ಖಾನೆಯಲ್ಲಿ ನಿಜವಾದ ಮೋಟಾರು ತಯಾರಾಗುವ ಮೊದಲೇ ಅದು ಎಷ್ಟು ವಿದ್ಯುತ್ ಎಳೆಯುತ್ತದೆ ಎಂದು ನಾನು ಹೇಳಬೇಕು. ಆ ಸಲದ ಮೋಟಾರು ಪೂರ್ತಿ ಲೋಡಿನಲ್ಲಿ ಸರಿಯಾಗಿಯೇ ಇತ್ತು. ಲೋಡ್ ತೆಗೆದು ಖಾಲಿ ಓಡಿಸಿದರೆ ಮಾತ್ರ ಇರಬೇಕಾದದ್ದಕ್ಕಿಂತ ಸುಮಾರು ಮೂರು ಪಟ್ಟು ವಿದ್ಯುತ್ ತಿನ್ನುತ್ತಿತ್ತು.

ಹತ್ತು ದಿನ ಅದರ ಹಿಂದೆ ಬಿದ್ದೆ. ಬೇರಿಂಗಿನ ಘರ್ಷಣೆಯನ್ನು ಸೊನ್ನೆ ಮಾಡಿದೆ. ಅಂಕಿ ಸ್ವಲ್ಪ ಅಲುಗಿತು, ಅಷ್ಟೇ. ತಾಮ್ರದ ಸುರುಳಿಯ ಲೆಕ್ಕವನ್ನು ಕಾಗದದ ಮೇಲೆ ಮತ್ತೆ ಮಾಡಿದೆ. ಸರಿಯಿತ್ತು. ಉಳಿದದ್ದು ಕಬ್ಬಿಣ ಬಿಸಿಯಾಗಿ ವ್ಯರ್ಥವಾಗುವ ವಿದ್ಯುತ್ತಿನ ಲೆಕ್ಕ. ಅದನ್ನು ಬರೆದವನು ನನ್ನ ಪಕ್ಕದ ಸೀಟಿನ ಸಹೋದ್ಯೋಗಿ.

"ಎರಡು ಸಲ ನೋಡಿದೀನಿ ಕಣೇ, ಅದ್ರಲ್ಲಿ ಏನೂ ಇಲ್ಲ," ಎಂದ.

"ಮತ್ತೆ ಎಲ್ಲಿಂದ ಬರ್ತಿದೆ? ಬೇರೆ ಏನೂ ಉಳಿದಿಲ್ಲ."

ತಪ್ಪು ಅವನ ಲೆಕ್ಕದಲ್ಲೇ ಇದೆ ಎಂದು ಮೀಟಿಂಗಿನಲ್ಲೂ ಹೇಳಿದೆ. ಅವನು ಶನಿವಾರ, ಭಾನುವಾರ ಕೂತು ಎಲ್ಲವನ್ನೂ ಹೊಸದಾಗಿ ಬರೆದ. ಅಂಕಿ ಕದಲಲಿಲ್ಲ. ಸ್ಕ್ರೀನ್ ಕಂಡರೆ ಮೈ ಉರಿಯುತ್ತಿತ್ತು.

ಕೊನೆಗೆ ನಿಜವಾದ ಮೋಟಾರನ್ನೇ ನೋಡೋಣವೆಂದು ಮೆಟ್ರೋ ಹತ್ತಿ ಪೀಣ್ಯಕ್ಕೆ ಹೋದೆ. ಟೆಸ್ಟಿಂಗ್ ರೂಮಿನಲ್ಲಿದ್ದ ಹಿರಿಯ ಟೆಕ್ನಿಷಿಯನ್ ಒಬ್ಬರು ಇದೇ ಅಳತೆಯ ಹಳೆಯ ಮೋಟಾರೊಂದನ್ನು ಓಡಿಸಿ ತೋರಿಸಿದರು. ಮೂರು ತಂತಿಗಳಿಗೆ ಎರಡು ಮೀಟರು. ಎರಡನ್ನೂ ಕೂಡಿದರೆ ಒಟ್ಟು ವಿದ್ಯುತ್ ಸಿಗುತ್ತದೆ. ನನ್ನ ಸಿಮ್ಯುಲೇಷನ್ನಿನಲ್ಲೂ ಇದೇ ಏರ್ಪಾಡು. ಅವರು ಲೋಡ್ ತೆಗೆದರು. ಒಂದು ಮೀಟರಿನ ಮುಳ್ಳು ಸೊನ್ನೆಗಿಂತ ಹಿಂದಕ್ಕೆ ಹೋಗಿ ನಿಂತಿತು. ಆ ಮೀಟರಿನ ತಂತಿಗಳನ್ನು ಅದಲುಬದಲು ಮಾಡಿ ಓದಿಕೊಂಡರು.

"ಇದನ್ನ ಕೂಡ್ಬಾರ್ದು ಮೇಡಂ, ಕಳೀಬೇಕು. ಖಾಲಿ ಓಡೋವಾಗ ಯಾವಾಗ್ಲೂ ಇಂಗೇ. ನಿಮ್ ಕಂಪ್ಯೂಟರು ಮೈನಸ್ ತೋರ್ಸಲ್ವಾ?"

"ತೋರಿಸ್ತಿತ್ತು," ಎಂದೆ.

ನಾಲ್ಕು ತಿಂಗಳ ಹಿಂದೆ ಮ್ಯಾನೇಜರು ಸ್ಕ್ರೀನಿಗೆ ಬೆರಳು ತೋರಿಸಿ ಇಲ್ಲಿ ಮೈನಸ್ ಯಾಕೆ ಎಂದು ಕೇಳಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ, ಮೈನಸ್ ಚಿಹ್ನೆಯನ್ನು ಅಳಿಸುವ ಒಂದು ಸಣ್ಣ ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದ್ದೆ. ಆಮೇಲೆ ಮರೆತೇಬಿಟ್ಟಿದ್ದೆ. ಕಳೆಯಬೇಕಾದ ಅಂಕಿಯನ್ನು ಕಂಪ್ಯೂಟರು ಅಂದಿನಿಂದ ಕೂಡುತ್ತಿತ್ತು.

ಅಲ್ಲೇ ಸ್ಟೂಲಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದು ಆ ಸಾಲನ್ನು ತೆಗೆದೆ. ಅಂಕಿ ಸರಿಯಾಯಿತು. ಸಂತೋಷವೇನೂ ಆಗಲಿಲ್ಲ. ಹತ್ತು ದಿನದ ಸಿಟ್ಟನ್ನು ಯಾರ ಮೇಲಾದರೂ ಹಾಕೋಣವೆಂದರೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಪಕ್ಕದ ಸೀಟಿನವನಿಗೆ ಹೇಳಿದೆ. ಅವನು ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ.

"ಅಂದ್ರೆ ನಾನು ಮೊದ್ಲು ಬರೆದಿದ್ದೇ ಸರಿ ಇತ್ತು."

"ಹೂಂ. ತಪ್ಪು ನಂದು."

"ಮೀಟಿಂಗಲ್ಲೂ ಹೇಳ್ತೀಯಾ?"

ಹೇಳಿದೆ, ಎಲ್ಲರ ಮುಂದೆ. ಮ್ಯಾನೇಜರು "ಸರಿ, ಮುಂದಿಂದು" ಎಂದು ಬೇರೆ ವಿಷಯಕ್ಕೆ ಹೋದರು. ಅವನು ಆ ವಾರವಿಡೀ ನನ್ನ ಜೊತೆ ಊಟಕ್ಕೆ ಬರಲಿಲ್ಲ.