ಸೋಬಾನೆಯ ಚಾಪೆ, ಚಲುವಮ್ಮನ ಕಾಲು

ಕಳಲೆಯ ಚಲುವಮ್ಮ ಸೋಬಾನೆಗೆ ಕೂತರೆ ಆರತಿ ಎತ್ತುವ ತನಕ ಏಳುತ್ತಿರಲಿಲ್ಲ. ಹಾಡು ಹಿಡಿದವಳು ನಡುವೆ ಎದ್ದರೆ ಮದುವೆ ಹೆಣ್ಣಿಗೆ ಒಳ್ಳೆಯದಲ್ಲ ಅನ್ನುತ್ತಾರೆ. ಅಂಥವಳು ಹೋದ ವರ್ಷ ಪಕ್ಕದ ಮನೆಯ ರೋಜಾಳ ಮದುವೆಯಲ್ಲಿ ಅರ್ಧ ಹಾಡಿಗೇ ಎದ್ದುಬಿಟ್ಟಳು. ಹೊತ್ತು ಮುಳುಗಿದ ಮೇಲೆ ಸುಮ್ಮನೆ ಕೂತರೆ ಸಾಕು, ಮೀನಖಂಡದೊಳಗೆ ಇರುವೆ ಹರಿದಂತಾಗುವುದು. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ನಿಲ್ಲುವುದು, ಕೂತರೆ ಮತ್ತೆ ಶುರು. ಇದನ್ನು ಹೇಳಿದರೆ ಯಾರು ನಂಬುತ್ತಾರೆ? ಗಾಳಿ ಸೋಕಿದೆ ಅಂದಾರು ಅಂತ ಅವಳು ಯಾರಿಗೂ ಹೇಳಲಿಲ್ಲ. ರೋಜಾಳ ತಾಯಿ ಅಂದೇ ಮಾತು ಬಿಟ್ಟಳು.

ಈಗ ನರಸೀಪುರದಲ್ಲಿ ಅವಳ ತಮ್ಮ ಶಿವಮೂರ್ತಿಯ ಮಗಳ ಮದುವೆ ಗೊತ್ತಾಗಿತ್ತು, ಇನ್ನೂ ಕೆಲವು ತಿಂಗಳಿತ್ತು.

"ಸೋಬಾನೆ ನೀನೇ ಮೊದ್ಲು ಆಡ್ಬೇಕು ಕಣತ್ತೆ," ಅಂದಳು ಮದುವೆ ಹೆಣ್ಣು ಕೋಮಲ.

"ನನ್ ಕಾಲ್ನ ಕೇಳಿ ಯೋಳ್ತೀನವ್ವ."

ಕೋಮಲ ಅವಳನ್ನು ನಂಜನಗೂಡಿಗೆ, ಡಾಕ್ಟರ್ ರಂಜನಿಯ ಹತ್ತಿರ ಕರೆದೊಯ್ದಳು. ರಕ್ತ ಪರೀಕ್ಷೆ ಆಯಿತು.

"ಗಾಳಿ ಸೋಕಿದ್ದಲ್ಲಮ್ಮ, ಇದು ಕಾಲು ಚಡಪಡಿಸೋ ಕಾಯಿಲೆ. ನಿಮ್ಮ ಮೈಯಲ್ಲಿ ಕಬ್ಬಿಣದಂಶ ಕಡಿಮೆ ಇದೆ. ಮಿದುಳಿಗೆ ಅದು ಸಾಲದೆ ಹೋದ್ರೆ ಹೀಗಾಗಬಹುದು ಅಂತ ಸಂಶೋಧನೆ ಮಾಡಿದವರು ಹೇಳ್ತಾರೆ. ಸಂಜೆಗೇ ಯಾಕೆ ಹೆಚ್ಚು ಅನ್ನೋದು ಇನ್ನೂ ಪೂರ್ತಿ ಗೊತ್ತಾಗಿಲ್ಲ."

"ಓದಿದೋರ್ಗೂ ಗೊತ್ತಾಗ್ನಿಲ್ವಾ? ನಾನೊಬ್ಳೇ ದಡ್ಡಿ ಅನ್ಕಂಡಿದ್ದೆ ಬುಡಿ."

ಡಾಕ್ಟರಮ್ಮ ಕೊಟ್ಟ ಕಬ್ಬಿಣದ ಮಾತ್ರೆ ನುಂಗುತ್ತ ತಿಂಗಳುಗಳೇ ಕಳೆದವು, ಇರುವೆ ಜಾಗ ಬಿಡಲಿಲ್ಲ. ಡಾಕ್ಟರಮ್ಮ ಕೇಳಿದರು, "ಯಾವುದರ ಜೊತೆ ನುಂಗ್ತೀರಿ?"

"ಟೀ ಜೊತೆ. ಬರೀ ನೀರಲ್ಲಿ ಯಾರಾದ್ರೂ ಮಾತ್ರೆ ನುಂಗ್ತಾರಾ?"

"ಆ ಟೀನೇ ಕಬ್ಬಿಣಾನ ಮೈಗೆ ಹತ್ತೋಕೆ ಬಿಡ್ತಾ ಇಲ್ಲ."

ಅಂದಿನಿಂದ ಮಾತ್ರೆಗೆ ನಿಂಬೆಹಣ್ಣಿನ ನೀರು. ಸಂಜೆಯ ಟೀ ಬಿಟ್ಟಳು, ತಲೆನೋವನ್ನೂ ಸಹಿಸಿದಳು. ಇರುವೆ ಪೂರ್ತಿ ಹೋಗಲಿಲ್ಲ, ಆದರೆ ದಿನಾ ಬರುವುದು ತಪ್ಪಿತು.

ಕೋಮಲಳ ಅರಿಶಿಣದ ಸಂಜೆ ಚಲುವಮ್ಮ ಚಾಪೆಯ ಮೇಲೆ ಕೂತು ಹಾಡು ಹಿಡಿದಳು. ಎದುರಿಗೇ, ಊರವರ ಜೊತೆ ಮದುವೆಗೆ ಬಂದಿದ್ದ ರೋಜಾಳ ತಾಯಿ, ಮುಖ ಆ ಕಡೆ. ಎರಡು ಹಾಡು ಸಲೀಸಾಗಿ ಹೋದವು. ಮೂರನೆಯದಕ್ಕೆ ಬಲಗಾಲು ಶುರುಮಾಡಿತು. ಹಲ್ಲು ಕಚ್ಚಿದರೆ ಹಾಡು ನಿಲ್ಲುತ್ತದೆ. ಹಾಗಾಗಿ ಸೀರೆಯೊಳಗೇ ಪಾದ ಆಡಿಸಿದಳು, ಬೆವರಿದಳು, ಏಳಲಿಲ್ಲ.

ರೋಜಾಳ ತಾಯಿ ಆ ಪಾದವನ್ನೇ ನೋಡಿದಳು. ಸರಿದು ಬಂದು ಪಕ್ಕದಲ್ಲಿ ಕೂತು, ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಮೀನಖಂಡ ಒತ್ತತೊಡಗಿದಳು. ಹಿಂದೆ ಕೂತವರು ಹಾಡಿದ ಸಾಲನ್ನೇ ಸೊಲ್ಲಾಗಿ ತಿರುಗಿ ಹೇಳುವಾಗ ಮೆಲ್ಲಗೆ ಕೇಳಿದಳು:

"ಅವತ್ತೂ ಇದೇನಾ?"

"ಊಂ ಕಣವ್ವ."

"ಊರಿಗೆಲ್ಲ ಆಡ್ ಯೋಳ್ಕೊಡ್ತೀಯ, ಇದ ಯೋಳಕ್ಕೆ ಬಾಯಿ ಇರ್ನಿಲ್ವಾ? ಆಡು, ಸೊಲ್ಲು ಮುಗೀತು."

ಆರತಿ ತಟ್ಟೆ ಬಂದಾಗಲೂ ಕಾಲು ಅವಳ ಮಡಿಲಲ್ಲೇ ಇತ್ತು.