ಬಲಿಪೀಠಕ್ಕೆ ಎಣ್ಣೆ ಎರೆದ ದಿನ

ಪುತ್ತೂರಿನ ಕಲ್ಲಿನ ಅಂಗಡಿಯೊಂದಕ್ಕೆ ನಾನು ನಕ್ಷೆ ಬರೆದುಕೊಡುತ್ತೇನೆ. ಹೆಚ್ಚಾಗಿ ಅಡುಗೆಮನೆಯ ಕಟ್ಟೆ, ಮೆಟ್ಟಿಲು, ದೇವರ ಕೋಣೆ. ಹಾಗಾಗಿ ಕಡಬದ ಆಚೆ ಸಣ್ಣ ಚಾಪೆಲೊಂದನ್ನು ದುರಸ್ತಿ ಮಾಡಿಸುತ್ತಿದ್ದ ಫಾದರ್ ಬಂದು, ಬಲಿಪೀಠವನ್ನೂ ಬೈಬಲ್ ಓದುವ ಪೀಠವನ್ನೂ ಅಮೃತಶಿಲೆಯಲ್ಲಿ ಮಾಡಿಕೊಡಬೇಕು ಎಂದಾಗ ಹಿಗ್ಗಿಹೋದೆ. ಮೊದಲ ನಕ್ಷೆಯಲ್ಲಿ ನನಗೆ ಗೊತ್ತಿದ್ದ ಕುಸುರಿಯನ್ನೆಲ್ಲ ತುಂಬಿದೆ: ಕಂಬ, ದ್ರಾಕ್ಷಿಬಳ್ಳಿ, ಪಾರಿವಾಳ.

ಫಾದರ್ ತುಂಬ ಹೊತ್ತು ನೋಡಿದರು. “ಚಂದ ಉಂಟು ಮೇಡಂ. ಆದರೆ ಬಲಿಪೀಠ ಅಂದರೆ ನಮಗೆ ಊಟದ ಮೇಜು. ಒಂದು ಭಾನುವಾರ ಬಂದು ನೋಡಿ.”

ಹೋದೆ. ಚಾಪೆಲಿನ ಒಳಗೆ ಕೆಲಸ ನಡೆಯುತ್ತಿದ್ದುದರಿಂದ ಅಂಗಳದ ತಗಡಿನ ಮಾಡಿನ ಕೆಳಗೆ ಪೂಜೆ. ಮಡಚುವ ಮೇಜೊಂದಕ್ಕೆ ಬಿಳಿ ಬಟ್ಟೆ ಹಾಸಿದ್ದರು, ಅಷ್ಟೇ. ರಬ್ಬರ್ ತೋಟದವರು, ಕೂಲಿಯವರು, ಮಕ್ಕಳು, ಎಲ್ಲರೂ ಆ ಮೇಜನ್ನೇ ನೋಡುತ್ತಿದ್ದರು. ಮನೆಗೆ ಬಂದು ಬಳ್ಳಿ, ಕಂಬ ಎಲ್ಲ ಅಳಿಸಿದೆ. ದಪ್ಪನೆಯ ಒಂದು ಹಲಗೆ, ಅದಕ್ಕೆ ಎರಡು ಸಾದಾ ಕಾಲು ಉಳಿದವು. ಓದುವ ಪೀಠವೂ ಹಾಗೆಯೇ ಸಾದಾ ಆಯಿತು.

ಆಮೇಲೆ ಕಲ್ಲಿನ ಮಾತು ಬಂತು. ಅಡುಗೆಮನೆಯವರಿಗೆ ಹೇಳುವುದನ್ನೇ ಚಾಪೆಲಿನ ಕಮಿಟಿಗೂ ಹೇಳಿದೆ. “ಅಮೃತಶಿಲೆ ಎಣ್ಣೆ ಕುಡಿಯುತ್ತದೆ, ಹುಳಿ ಬಿದ್ದರೆ ಹೊಳಪು ಹೋಗುತ್ತದೆ. ಇದರ ಮೇಲೆ ಎಣ್ಣೆ, ಹಣ್ಣಿನ ರಸ ಎರಡೂ ಬೀಳಬಾರದು.”

ಫಾದರ್ ಗಟ್ಟಿಯಾಗಿ ನಕ್ಕರು. “ಎಂತ ಮಾರಾಯ್ರೆ! ಬಿಷಪರು ಮೊದಲ ದಿನವೇ ಎಣ್ಣೆ ಎರೆದು ಅಂಗೈಯಲ್ಲಿ ತಿಕ್ಕುದು. ಆಮೇಲೆ ಪೂಜೆ ಇದ್ದಾಗಲೆಲ್ಲ ದ್ರಾಕ್ಷಾರಸ!”

ಹಾಗಾದರೆ ಕರಿಕಲ್ಲು ಆಗಬಹುದೇ ಎಂದೆ. ಕಮಿಟಿಯ ಹಿರಿಯರೊಬ್ಬರು ತಲೆ ಅಲ್ಲಾಡಿಸಿದರು. “ಅದು ಬೇಡ ಮೇಡಂ. ನಮ್ಮ ಗ್ಯಾಸಿನ ಕಟ್ಟೆಗೆ ಹಾಕಿದ್ದು ಅದೇ.”

ಕೊನೆಗೆ ಹಾಲುಬಿಳುಪಿನ ಅಮೃತಶಿಲೆ ಬಿಟ್ಟು ಕೆನೆಬಣ್ಣದ್ದನ್ನು ಆರಿಸಿದೆ. ಮೇಲ್ಮೈಗೆ ಹೊಳಪು ಕೊಡದೆ ನುಣ್ಣಗೆ ಉಜ್ಜಿಸಿ ಬಿಡುವುದು ಎಂದು ಯೋಚಿಸಿದೆ. ಹೊಳಪೇ ಇಲ್ಲದಿದ್ದರೆ ಹೋಗುವ ಭಯವೂ ಇಲ್ಲ. ಒಂದು ತುಂಡನ್ನು ಮನೆಗೆ ತಂದು ತೆಂಗಿನೆಣ್ಣೆ, ಹುಣಸೆನೀರು ಹಾಕಿ ಇಟ್ಟೆ.

ಅತ್ತೆ ಬಂದು ನೋಡಿದರು. “ಎಂತ, ಕಲ್ಲಿನ ಸಾರು ಮಾಡುದಾ?”

ಮರುದಿನ ಒರೆಸಿದರೆ ಕಲೆ ಇತ್ತು, ಆದರೆ ಕಣ್ಣಿಗೆ ಚುಚ್ಚುವಂತೆ ಇರಲಿಲ್ಲ. ಫಾದರ್ ಆ ತುಂಡಿನ ಮೇಲೆ ಹೆಬ್ಬೆರಳು ಆಡಿಸಿ, “ಇದೇ ಆಗಲಿ” ಎಂದರು.

ಪ್ರತಿಷ್ಠೆಯ ದಿನ ಅತ್ತೆಯೂ ನನ್ನ ಜೊತೆ ಬಂದಿದ್ದರು. ಬಿಷಪರು ನಿಲುವಂಗಿಯ ತೋಳು ಮಡಚಿ, ಬಲಿಪೀಠದ ನಡುವಿಗೂ ನಾಲ್ಕು ಮೂಲೆಗಳಿಗೂ ಪರಿಮಳದ ಎಣ್ಣೆ ಎರೆದು ಅಂಗೈಯಿಂದ ಹರಡತೊಡಗಿದರು. ನಾನು ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಅತ್ತೆ ಕಿವಿಯ ಹತ್ತಿರ ಬಂದರು. “ನಮ್ಮಲ್ಲಿಯೂ ದೇವರ ಕಲ್ಲಿಗೆ ಎಣ್ಣೆ ಎರೆಯುದಲ್ವಾ? ನೀನು ಹೆದರುದು ಎಂತಕ್ಕೆ?”

ಎಣ್ಣೆ ಹರಡಿದಂತೆ ಕಲ್ಲಿನೊಳಗಿನ ತೆಳು ಕಂದು ಗೆರೆಗಳು ಒಂದೊಂದಾಗಿ ಎದ್ದು ಬಂದವು. ಅಂಗಡಿಯಲ್ಲಿ ಎಷ್ಟು ಸಲ ನೀರು ಹಾಕಿ ನೋಡಿದ್ದರೂ ಅವು ನನಗೆ ಕಂಡಿರಲಿಲ್ಲ. ಸೆರಗು ಯಾವಾಗ ಕೈಯಿಂದ ಜಾರಿತೋ ಗೊತ್ತಾಗಲಿಲ್ಲ.

ಊಟದ ಹೊತ್ತಿಗೆ ಕಮಿಟಿಯ ಹಿರಿಯರು ಬಂದವರಿಗೆಲ್ಲ ನನ್ನನ್ನು ತೋರಿಸಿ, “ನಕ್ಷೆ ಇವರದ್ದು” ಎನ್ನುತ್ತಿದ್ದರು. ಅತ್ತೆ ಆಗಲೇ ನಾಲ್ಕು ಹೆಂಗಸರ ನಡುವೆ ಕೂತು ತುಳುವಿನಲ್ಲಿ ಉಪ್ಪಿನಕಾಯಿಯ ಮಾತು ಶುರು ಮಾಡಿದ್ದರು. ಫಾದರ್ ಪಾಯಸ ಹಿಡಿದುಕೊಂಡು ಬಂದರು. “ಇನ್ನು ಮಕ್ಕಳ ತಲೆಗೆ ನೀರು ಎರೆಯುವ ಜ್ಞಾನಸ್ನಾನದ ತೊಟ್ಟಿ ಒಂದು ಉಂಟು. ಅದೂ ನೀವೇ ಮಾಡಬೇಕು.”

ಈಗ ಅದರ ನಕ್ಷೆ ನಡೆಯುತ್ತಿದೆ. ಮಗುವನ್ನು ಎತ್ತಿಕೊಂಡ ತಾಯಿಗೆ ತೊಟ್ಟಿಯ ಅಂಚು ಎಷ್ಟು ಎತ್ತರಕ್ಕೆ ಬರಬೇಕೆಂದು ತಿಳಿಯಲು, ಪಕ್ಕದ ಮನೆಯ ಹುಡುಗಿಯನ್ನು ಅವಳ ಕೂಸಿನ ಜೊತೆ ಕರೆದು ನಿಲ್ಲಿಸಿ ಅಳತೆ ತೆಗೆದೆ. ಕೂಸು ಟೇಪಿನ ತುದಿ ಹಿಡಿದುಕೊಂಡು ಬಿಡಲೇ ಇಲ್ಲ.